ಒಂದು ಮನೆ ಕಡಿಮೆ

ಸಾವಿನ ಮನೆಗೆ ಹೋಗಿ ನಗು ತಡೆದುಕೊಳ್ಳುವುದು ನಮ್ಮ ಕೆಲಸದ ಒಂದು ಭಾಗ. ಅದನ್ನು ಪಾದ್ರಿಗಳು ಓದುವ ಯಾವ ಸೆಮಿನರಿಯಲ್ಲೂ ಕಲಿಸುವುದಿಲ್ಲ. ನಾನು ಸಭಾಪಾಲಕ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಅಂತ ಈ ಮೂರು ಕಡೆಯ ಚರ್ಚುಗಳಲ್ಲೇ ವರ್ಗವಾಗಿ ತಿರುಗಿದವನು. ಎಷ್ಟು ಜನರನ್ನು ಮಣ್ಣು ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ. ಆದರೆ ಏನಾದರೊಂದು ಎಡವಟ್ಟು ಆಗದ ಸಾವಿನ ಮನೆ ನನಗೆ ನೆನಪಿಲ್ಲ.

ಐವತ್ತು ದಾಟಿದ ಮೇಲೆ ನನಗೆ ಪುನಃ ಓದುವ ಹುಚ್ಚು ಹಿಡಿಯಿತು. ಸೇವೆಯಲ್ಲಿ ಇದ್ದುಕೊಂಡೇ ಮಾಡುವ ಡಾಕ್ಟರೇಟ್ ಅಂತ ಒಂದು ಉಂಟು. ವರ್ಷಕ್ಕೆ ಎರಡು ಸಲ ಸೆಮಿನರಿಗೆ ಹೋಗಿ ಪಾಠ ಕೇಳುವುದು, ಉಳಿದ ಸಮಯ ನಮ್ಮ ಚರ್ಚಿನ ಸಭೆಯಲ್ಲೇ ಅದನ್ನು ಮಾಡಿ ನೋಡಿ ಬರೆಯುವುದು. ಸಾವಾದ ಮನೆಯವರನ್ನು ಸಂತೈಸುವುದು ಹೇಗೆ ಅನ್ನುವುದು ನನ್ನ ವಿಷಯ. ಬರೆಯುತ್ತಾ ಇದ್ದ ಹಾಗೆ ನನ್ನ ಹೆಂಡತಿಯೇ ಕಾಯಿಲೆ ಬಿದ್ದು ತೀರಿಹೋದಳು. ಕೊನೆಯ ಅಧ್ಯಾಯ ಅಲ್ಲಿಗೇ ನಿಂತಿತು. ಈ ತಿಂಗಳು ಅದನ್ನು ಕೊಡದಿದ್ದರೆ ಇಷ್ಟು ವರ್ಷದ ಓದೆಲ್ಲ ನೀರುಪಾಲು ಅಂತ ಗೈಡ್ ಫೋನ್ ಮಾಡಿ ಹೇಳಿದ್ದಾರೆ. ಕೂತರೆ ಅಧ್ಯಾಯ ಬರುವುದಿಲ್ಲ, ಈ ಪ್ರಸಂಗಗಳೇ ಬರುತ್ತವೆ. ಬರಲಿ, ಇವನ್ನಾದರೂ ಬರೆದು ಮುಗಿಸುವ ಅಂತ ಕೂತಿದ್ದೇನೆ.

ಮೊದಲ ಪಾಠ

ನನ್ನ ಗೈಡ್ ಒಬ್ಬರು ಮೇಡಂ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರು, ಅಷ್ಟೆ. ಮೊದಲ ದಿನವೇ ನಮ್ಮಿಂದ ನಾಟಕ ಮಾಡಿಸಿದರು. ನಾನು ಅಣ್ಣನನ್ನು ಕಳೆದುಕೊಂಡವನು, ಘಟ್ಟದ ಮೇಲಿನ ಒಬ್ಬ ಪಾಸ್ಟರು ನನ್ನನ್ನು ಸಂತೈಸಲು ಬಂದವರು. ಉಳಿದವರು ಸುತ್ತ ಕೂತು ನೋಡಿ ತಪ್ಪು ಹಿಡಿಯಬೇಕು.

ಪಾಸ್ಟರು ಬಂದರು, ನನ್ನ ಕೈ ಹಿಡಿದರು, ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದರು. ಬೈಬಲಿನ ಮೊದಲ ಪುಟದ ಲೋಕಸೃಷ್ಟಿಯಿಂದ ಹಿಡಿದರು. ಅವರು ಐಗುಪ್ತ ದೇಶದ ಕತೆಗೆ ಬಂದದ್ದು ನನಗೆ ನೆನಪುಂಟು, ಆಮೇಲೆ ಇಲ್ಲ. ಹಿಂದಿನ ದಿನ ಇಡೀ ಬಸ್ಸಿನಲ್ಲಿ ಕೂತು ಬಂದ ಶರೀರ, ಅದರ ಮೇಲೆ ಅವರ ಸ್ವರ ಬೇರೆ ಇಂಪು. ಎಚ್ಚರ ಆಗುವಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಮೇಡಂ ಹೇಳಿದರು, "ಇವರ ದುಃಖ ಸ್ವಲ್ಪ ಕಡಿಮೆ ಆದ ಹಾಗೆ ಕಾಣ್ತದೆ. ಆದರೆ ಸಾವಿನ ಮನೆಯವರು ನಿದ್ದೆ ಮಾಡಿದರೆ ನಾವು ಗೆದ್ದೆವು ಅಂತ ಬರೆಯಲಿಕ್ಕೆ ಆಗುವುದಿಲ್ಲ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ತರಕಾರಿ ಹೆಚ್ಚುವುದು ನಿಲ್ಲಿಸಲಿಲ್ಲ. "ನಿಮ್ಮ ಪ್ರಸಂಗಕ್ಕೆ ಆದಿತ್ಯವಾರ ಎಷ್ಟು ಜನ ಮಲಗ್ತಾರೆ ಅಂತ ಪ್ರಸಂಗಪೀಠದಿಂದ ಕಾಣುವುದಿಲ್ವಾ? ಅದಕ್ಕೆ ಸೆಮಿನರಿಗೆ ಹೋಗಬೇಕಿತ್ತಾ?" ಅಂದಳು.

ಅವರು ಹೇಳಿದ್ದನ್ನೇ ಹೇಳುವುದು

ಎರಡನೇ ಪಾಠದಲ್ಲಿ ಒಂದು ಹೊಸ ವಿಧಾನ ಕಲಿಸಿದರು. ದುಃಖದಲ್ಲಿ ಇರುವವರಿಗೆ ಬುದ್ಧಿ ಹೇಳಬಾರದು, ಬೈಬಲಿನ ವಚನ ಒಪ್ಪಿಸಬಾರದು. ಅವರು ಏನು ಹೇಳ್ತಾರೋ ಅದನ್ನೇ ನಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಆಗ ಅವರಿಗೆ ತಮ್ಮ ಮನಸ್ಸು ತಮಗೇ ಕಾಣುತ್ತದೆ. ಮನೆಗೆ ಹೋದ ಮೇಲೆ ಆದ ಮಾತುಕತೆಯನ್ನು ಒಂದೂ ಬಿಡದೆ ಬರೆದು ಮೇಡಂಗೆ ಕಳಿಸಬೇಕು.

ಆಗ ನಾವು ಬೆಳ್ತಂಗಡಿಯಲ್ಲಿ. ಚಾರ್ಮಾಡಿ ಹತ್ತಿರ ನಮ್ಮ ಸಭೆಯ ಒಂದು ಮನೆ ಉಂಟು. ಅಲ್ಲಿಯ ಯಜಮಾನರು ತೀರಿಹೋಗಿ ಸ್ವಲ್ಪ ದಿನ ಆಗಿತ್ತು. ನಾನು, ನನ್ನ ಹೆಂಡತಿ ಇಬ್ಬರೂ ಹೋದೆವು. ನಾನು ಎಲ್ಲಿಗೆ ಹೋದರೂ ಅವಳು ಬರುತ್ತಿದ್ದಳು. ಸಭೆಯವರಿಗೆ ನಾನು ಅಯ್ಯನವರು, ಅವಳು ಅಮ್ಮನವರು. ಜನ ಬಾಗಿಲು ತೆರೆಯುವುದು ಅಯ್ಯನವರಿಗೆ, ಮಾತಾಡುವುದು ಅಮ್ಮನವರ ಹತ್ತಿರ. ಅದು ನನಗೂ ಗೊತ್ತಿತ್ತು.

ಆ ಹೆಂಗಸು ಹೇಳಿದರು, "ತುಂಬ ಬೇಸರ ಅಯ್ಯನವರೇ."

"ನಿಮಗೆ ತುಂಬ ಬೇಸರ ಆಗಿದೆ," ಅಂದೆ.

"ಹೌದು. ಸಂಜೆ ಆದರೆ ಮನೆಯಲ್ಲಿ ಕೂರಲಿಕ್ಕೆ ಆಗುವುದಿಲ್ಲ."

"ಸಂಜೆ ಹೊತ್ತು ನಿಮಗೆ ಮನೆಯಲ್ಲಿ ಕೂರಲಿಕ್ಕೆ ಕಷ್ಟ ಆಗ್ತದೆ."

ಅವರು ನನ್ನನ್ನು ಒಮ್ಮೆ ನೋಡಿದರು. ಸ್ವಲ್ಪ ಗಟ್ಟಿ ಸ್ವರದಲ್ಲಿ, "ಅವರು ಕೂರ್ತಿದ್ದ ಕುರ್ಚಿ ನೋಡುವಾಗ ಅಳು ಬರ್ತದೆ," ಅಂದರು.

"ಆ ಕುರ್ಚಿ ನೋಡಿದರೆ ನಿಮಗೆ ಅಳು ಬರ್ತದೆ," ಅಂದೆ.

ಅವರು ನನ್ನನ್ನು ಬಿಟ್ಟು ನನ್ನ ಹೆಂಡತಿಯ ಕಡೆಗೆ ತಿರುಗಿದರು. "ಅಮ್ಮನವರೇ, ಅಯ್ಯನವರಿಗೆ ಕಿವಿ ಯಾವಾಗಿಂದ ಹೀಗೆ?"

ನನ್ನ ಹೆಂಡತಿ ಒಂಚೂರೂ ನಗಲಿಲ್ಲ. "ಮದುವೆ ಆದಾಗಿಂದ ಉಂಟು," ಅಂದಳು. ಗಂಡ ಸತ್ತ ಮೇಲೆ ಆ ಹೆಂಗಸು ಮೊದಲ ಸಲ ನಕ್ಕದ್ದು ಅವತ್ತು. ನಾನು ಕಳಿಸಿದ ವರದಿಯಲ್ಲಿ ಅದನ್ನೂ ಬರೆದಿದ್ದೆ. ಮೇಡಂ ಅದರ ಕೆಳಗೆ ಕೆಂಪು ಶಾಯಿಯಲ್ಲಿ, 'ಇಲ್ಲಿ ಸಂತೈಸಿದ್ದು ಯಾರು?' ಅಂತ ಕೇಳಿದ್ದರು.

ವಾಪಸು ಬರುವಾಗ ರಸ್ತೆಗೆ ಏರುವ ಮೆಟ್ಟಿಲಲ್ಲಿ ಅವಳು ಎರಡು ಸಲ ನಿಂತಳು. ಎಂತ ಆಯ್ತು ಅಂತ ಕೇಳಿದೆ. ಏರು ಅಲ್ವಾ, ಅದಕ್ಕೆ ಉಸಿರು ಹಿಡೀತದೆ ಅಂದಳು. ನಾನೂ ಹೌದು ಅಂದುಕೊಂಡೆ.

ಗೀಟು ಬಿದ್ದ ಮಾತುಗಳು

ಮೂರನೇ ಹಂತದಲ್ಲಿ ನಾನು ಕಲಿತದ್ದನ್ನು ಸಭೆಯವರಿಗೆ ಕಲಿಸಬೇಕಿತ್ತು. ಅಷ್ಟರಲ್ಲಿ ವರ್ಗವಾಗಿ ನಾವು ಬಂಟ್ವಾಳಕ್ಕೆ ಬಂದಿದ್ದೆವು. ಆರಾಧನೆ ಮುಗಿದ ಮೇಲೆ ಹಿರಿಯರನ್ನೂ ಸ್ತ್ರೀಯರ ಸಂಘದವರನ್ನೂ ಕೂರಿಸಿ ಕಾಫಿ ತಿಂಡಿಯ ಜೊತೆ ತರಗತಿ ಮಾಡಿದೆ.

ಹಿರಿಯರಲ್ಲಿ ಒಬ್ಬರು ನಿವೃತ್ತ ಬಸ್ ಕಂಡಕ್ಟರ್. ಧರ್ಮಸ್ಥಳದ ಲೈನಿನಲ್ಲಿ ತುಂಬ ವರ್ಷ ದುಡಿದವರು. ನಮ್ಮಲ್ಲಿ ಯಾರೇ ತೀರಿಹೋಗಲಿ, ಶವದ ಪೆಟ್ಟಿಗೆಯ ಪಕ್ಕ ನಿಂತು ಜನ ಸುಧಾರಿಸುವುದು ಅವರೇ. "ಹೂ ಹಾಕಿ ಆದವರು ಮುಂದೆ ಹೋಗಿ, ಮುಂದೆ ಜಾಗ ಉಂಟು, ಬಾಗಿಲಲ್ಲಿ ನಿಲ್ಲಬೇಡಿ." ಒಮ್ಮೆ ಅಭ್ಯಾಸಬಲದಲ್ಲಿ ಪೆಟ್ಟಿಗೆಗೆ ಎರಡು ಸಲ ತಟ್ಟಿ "ರೈಟ್" ಅಂದುಬಿಟ್ಟಿದ್ದರು. ಹೊತ್ತವರು ಹೊರಟೇಬಿಟ್ಟರು, ನನ್ನ ಪ್ರಾರ್ಥನೆ ಅರ್ಧಕ್ಕೆ ನಿಂತಿತು.

ಸಾವಿನ ಮನೆಯಲ್ಲಿ ಜನ ಸಾಮಾನ್ಯವಾಗಿ ಹೇಳುವ ಮಾತುಗಳನ್ನೆಲ್ಲ ನಾನು ಬೋರ್ಡಿನಲ್ಲಿ ಬರೆದೆ. 'ಎಲ್ಲ ದೇವರ ಚಿತ್ತ.' 'ಕಷ್ಟಪಡದೆ ಹೋದರಲ್ಲ.' 'ನೀವೇ ಧೈರ್ಯ ತಂದುಕೊಳ್ಳಬೇಕು.' ಒಂದೊಂದಕ್ಕೂ ಇದು ಯಾಕೆ ನೋಯಿಸುತ್ತದೆ ಅಂತ ವಿವರಿಸಿ ಗೀಟು ಹಾಕುತ್ತಾ ಹೋದೆ. ಕೊನೆಗೆ ಉಳಿದದ್ದು 'ದೇವರಿಗೆ ಒಳ್ಳೆಯವರೇ ಬೇಕು.' ಅದು ಕಂಡಕ್ಟರರ ಮಾತು. ಯಾವ ಸಾವಿನ ಮನೆಗೆ ಹೋದರೂ ಅವರು ಹೇಳುವುದು ಅದೊಂದೇ.

"ದೇವರಿಗೆ ಒಳ್ಳೆಯವರೇ ಬೇಕು ಅಂದರೆ, ಉಳಿದವರು ಕೆಟ್ಟವರು ಅಂತ ಆಯ್ತಲ್ಲ? ಆ ಮನೆಯವರಿಗೆ ಹೇಗಾಗಬೇಡ?" ಅಂತ ಕೇಳಿ ಅದಕ್ಕೂ ಗೀಟು ಎಳೆದೆ. ಎಲ್ಲರೂ ನಕ್ಕರು. ಕಂಡಕ್ಟರರು ಮಾತ್ರ ಯೋಚನೆಗೆ ಬಿದ್ದರು.

"ಹಾಗಾದರೆ ಹೋಗಿ ಎಂತ ಹೇಳುವುದು ಅಯ್ಯನವರೇ?"

"ಏನೂ ಹೇಳಬೇಡಿ. ಸುಮ್ಮನೆ ಜೊತೆಗೆ ಕೂತುಕೊಳ್ಳಿ. ಅವರಾಗಿ ಮಾತಾಡುವ ತನಕ ಕಾಯಿರಿ."

"ಹಾಗೆ ಕೂತರೆ, ಈ ಜನ ಕಾಫಿ ಕುಡಿಯದೆ ಏಳುವುದಿಲ್ಲ ಅಂತ ಅವರು ಗ್ರಹಿಸುವುದಿಲ್ವಾ?"

ಹಿಂದೆ ಕೂತಿದ್ದ ನನ್ನ ಹೆಂಡತಿ ಎದ್ದು ಬಂದು ಅವರ ತಟ್ಟೆಗೆ ಇನ್ನೆರಡು ಗೋಳಿಬಜೆ ಹಾಕಿದಳು.

ಹನ್ನೆರಡನೇ ಮನೆ

ಅಧ್ಯಯನಕ್ಕೆ ಸಾವಾದ ಹನ್ನೆರಡು ಮನೆಗಳು ಬೇಕು ಅಂತ ಮೊದಲೇ ತೀರ್ಮಾನ ಆಗಿತ್ತು. ಹನ್ನೊಂದು ಆಯಿತು. ಆಮೇಲೆ ನಮ್ಮ ಸಭೆಯಲ್ಲಿ ಸಾವೇ ಇಲ್ಲ. ಸಭಾಪಾಲಕನಾದವನು ಇದಕ್ಕೆ ದೇವರಿಗೆ ಸ್ತೋತ್ರ ಹೇಳಬೇಕು. ನಾನೂ ಹೇಳುತ್ತಿದ್ದೆ, ಆದರೆ ಮನಸ್ಸಿನ ಒಂದು ಮೂಲೆಯಲ್ಲಿ ಮೇಡಂ ಕೊಟ್ಟ ಗಡುವು ಕೂತಿತ್ತು.

ಪಾಣೆಮಂಗಳೂರಿನಲ್ಲಿ ನಾನು ಪ್ರಿಂಟ್ ತೆಗೆಸುವ ಜೆರಾಕ್ಸ್ ಅಂಗಡಿ ಉಂಟು. ಅದರ ಯಜಮಾನರು ಬ್ಯಾರಿಗಳು, ನಮ್ಮ ಕರಾವಳಿಯ ಮುಸ್ಲಿಮರು, ದುಬೈಯಲ್ಲಿ ಇದ್ದು ಬಂದವರು. ಪುಟ ಹೊರಗೆ ಬರುತ್ತಾ ಇದ್ದ ಹಾಗೆ ನಿಂತು ಓದುತ್ತಿದ್ದರು. "ಪಾದ್ರಿಯವರೇ, ಎಷ್ಟು ಸಾವು ಮಾರಾಯ್ರೆ ಇದರಲ್ಲಿ. ಇನ್ನೂ ಒಬ್ಬರು ಬೇಕಾ? ಮೊನ್ನೆಯಿಂದ ನಿಮ್ಮನ್ನು ಕಂಡರೆ ಸಲಾಂ ಹೇಳಲಿಕ್ಕೂ ಹೆದರಿಕೆ," ಅನ್ನುತ್ತಿದ್ದರು.

ಮೂಡುಬಿದಿರೆಯ ಹತ್ತಿರ, ಮೊದಲು ನನ್ನ ಸಭೆಯಲ್ಲಿದ್ದ ಒಬ್ಬ ಅಜ್ಜಿ ಹಾಸಿಗೆ ಹಿಡಿದಿದ್ದರು. ನನ್ನ ಮೇಲೆ ತುಂಬ ಪ್ರೀತಿ. ನಾನು ನೋಡಿಕೊಂಡು ಬಂದೆ. ಮತ್ತೊಂದು ಸಲ ಹೋದೆ. ಮೂರನೇ ಸಲ ಹೋದಾಗ ಅಜ್ಜಿ ಕಣ್ಣು ತೆರೆದು ನನ್ನನ್ನೇ ದಿಟ್ಟಿಸಿದರು.

"ಅಯ್ಯಾ, ನಿಮ್ಮ ಪುಸ್ತಕಕ್ಕೆ ಒಂದು ಮನೆ ಕಡಿಮೆ ಉಂಟಂತೆ?"

ಸುದ್ದಿ ಅಷ್ಟು ದೂರ ಹೋಗಿದೆ ಅಂತ ನನಗೆ ಗೊತ್ತಿರಲಿಲ್ಲ.

"ಬೇರೆ ಕಡೆ ನೋಡಿ. ನಾನು ಸದ್ಯಕ್ಕೆ ಇಲ್ಲ," ಅಂದು ಸೊಸೆಯನ್ನು ಕರೆದು ಗಂಜಿ ತರಲಿಕ್ಕೆ ಹೇಳಿದರು. ಎರಡು ವಾರದಿಂದ ನೀರು ಬಿಟ್ಟು ಏನೂ ಮುಟ್ಟದವರು ಅವತ್ತು ಉಪ್ಪಿನಕಾಯಿ ನೆಂಚಿಕೊಂಡು ಉಂಡರು. ಈಗಲೂ ಗಟ್ಟಿಮುಟ್ಟಾಗಿದ್ದಾರೆ.

ಇದನ್ನು ಹೆಂಡತಿಗೆ ಹೇಳಿದೆ. ಆ ವಾರವೇ ಮಂಗಳೂರಿನ ಆಸ್ಪತ್ರೆಯಿಂದ ಅವಳ ರಿಪೋರ್ಟ್ ಬಂದಿತ್ತು. ಚಾರ್ಮಾಡಿಯಲ್ಲಿ ಉಸಿರು ಹಿಡಿದದ್ದು ಏರಿನಿಂದ ಅಲ್ಲ ಅಂತ ಇಬ್ಬರಿಗೂ ಗೊತ್ತಾಗಿತ್ತು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಕೆಮ್ಮಿದಳು, ಕೆಮ್ಮು ನಿಂತ ಮೇಲೆ ಹೇಳಿದಳು. "ಆ ಅಜ್ಜಿಯನ್ನು ಬಿಟ್ಟುಬಿಡಿ. ನಿಮಗೆ ಕಡಿಮೆ ಇರುವ ಆ ಒಂದು ಮನೆಯನ್ನು ನಾನು ನೋಡಿಕೊಳ್ತೇನೆ."

ನನಗೆ ನಗು ಬರಲಿಲ್ಲ. ಆ ದಿನದಿಂದ ನಾನು ಪೆನ್ನು ಮುಟ್ಟಲಿಲ್ಲ.

ಸುಮ್ಮನೆ ಕೂತವರು

ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಹೋದಳು. ಶವಸಂಸ್ಕಾರದ ದಿನ ನಾನು ಯಾರನ್ನೂ ನೋಡಲಿಲ್ಲ, ಏನನ್ನೂ ಕೇಳಲಿಲ್ಲ. ಕಂಡಕ್ಟರರು ಪೆಟ್ಟಿಗೆಯ ಪಕ್ಕ ಇದ್ದದ್ದು ಮಾತ್ರ ನೆನಪುಂಟು. ಆದರೆ ಆ ದಿನ ಅವರು ಯಾರಿಗೂ ಮುಂದೆ ಹೋಗಿ ಅನ್ನಲಿಲ್ಲ.

ಮರುದಿನ ಸಂಜೆ ಸಭೆಯವರು ನಮ್ಮ ಮನೆಗೆ ಬಂದರು. ನನ್ನ ತರಗತಿಯಲ್ಲಿ ಕೂತವರು ಎಲ್ಲರೂ. ಚರ್ಚಿನ ಕೆಂಪು ಕುರ್ಚಿಗಳನ್ನು ತಂದು ಹಾಕಿಕೊಂಡು ನನ್ನ ಸುತ್ತ ಕೂತರು. ಯಾರೂ ಮಾತಾಡಲಿಲ್ಲ. ಸ್ತ್ರೀಯರ ಸಂಘದವರು ನಾನು ತೋರಿಸಿಕೊಟ್ಟ ಹಾಗೆಯೇ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಸ್ವಲ್ಪ ಮುಂದೆ ಬಾಗಿ ಕೂತಿದ್ದರು. ನಾನಾಗಿ ಮಾತಾಡುವ ತನಕ ಕಾಯುತ್ತಿದ್ದಾರೆ ಅಂತ ಗೊತ್ತಾಯಿತು. ನನಗೆ ಮಾತು ಬರುತ್ತಿರಲಿಲ್ಲ. ಫ್ಯಾನು ತಿರುಗುವ ಸದ್ದು ಮಾತ್ರ. ಅಡುಗೆಮನೆಯಲ್ಲಿ ಅವಳಿಲ್ಲ ಅನ್ನುವುದು ಆ ಮೌನದಲ್ಲಿ ಕೇಳುತ್ತಿತ್ತು. ಅದನ್ನು ಹೇಗೆ ತಾಳಿಕೊಂಡೆನೋ ನನಗೇ ಗೊತ್ತಿಲ್ಲ.

ಆಗ ಜೆರಾಕ್ಸ್ ಅಂಗಡಿಯ ಬ್ಯಾರಿಗಳು ಬಂದರು. ಅವರು ನನ್ನ ತರಗತಿಗೆ ಬಂದವರಲ್ಲ. ಬಾಗಿಲಲ್ಲಿ ನಿಂತು ಎಲ್ಲರ ಮುಖ ನೋಡಿದರು, ಮೆಲ್ಲ ಹೋಗಿ ಕಂಡಕ್ಟರರ ಪಕ್ಕದಲ್ಲಿ ಕೂತರು.

"ಎಂತ, ಎಲ್ಲರಿಗೂ ಮಾತು ಬಿಟ್ಟಿದೆಯಾ? ಜಗಳವಾ?" ಅಂತ ಕಿವಿಯಲ್ಲಿ ಕೇಳಿದರು. ಆ ಮೌನದಲ್ಲಿ ಎಲ್ಲರಿಗೂ ಕೇಳಿಸಿತು.

"ಜಗಳ ಅಲ್ಲ. ಅಯ್ಯನವರ ಪಾಠ," ಅಂದರು ಕಂಡಕ್ಟರರು.

ಕೊನೆಗೆ ಕಂಡಕ್ಟರರೇ ನನ್ನ ಕಡೆಗೆ ಬಾಗಿದರು. "ಅಯ್ಯನವರೇ, ಇಷ್ಟು ಕೂತರೆ ಸಾಕಾ, ಇನ್ನೂ ಕೂರಬೇಕಾ?"

"ಏನಾದರೂ ಮಾತಾಡಿ ಮಾರಾಯ್ರೆ," ಅಂದೆ. "ನೀವು ಯಾವಾಗಲೂ ಹೇಳುವುದಿತ್ತಲ್ಲ, ಅದನ್ನಾದರೂ ಹೇಳಿ."

"ಅದಕ್ಕೆ ನೀವು ಗೀಟು ಹಾಕಿದ್ದೀರಿ."

"ಗೀಟು ಇರಲಿ. ಹೇಳಿ."

ಅವರು ಸ್ತ್ರೀಯರ ಸಂಘದವರನ್ನು ನೋಡಿದರು, ಉಳಿದ ಹಿರಿಯರನ್ನು ನೋಡಿದರು. ಯಾರೂ ಬೇಡ ಅನ್ನಲಿಲ್ಲ. ಆಮೇಲೆ ನನ್ನ ಮೊಣಕಾಲ ಮೇಲೆ ಕೈ ಇಟ್ಟು ಹೇಳಿದರು. "ದೇವರಿಗೆ ಒಳ್ಳೆಯವರೇ ಬೇಕು ಅಯ್ಯನವರೇ."

ನಾನು ಅತ್ತೆ. ಅವಳು ಹೋದ ಮೇಲೆ ಮೊದಲ ಸಲ ಅತ್ತೆ, ಮಕ್ಕಳ ಹಾಗೆ ಸದ್ದು ಮಾಡಿ ಅತ್ತೆ. ಅದರೊಟ್ಟಿಗೆ ಉಳಿದವರ ಬಾಯಿಯೂ ತೆರೆಯಿತು. ಗೀಟು ಬಿದ್ದ ಮಾತುಗಳೆಲ್ಲ ಒಂದೊಂದಾಗಿ ವಾಪಸು ಬಂದವು. ಎಲ್ಲ ದೇವರ ಚಿತ್ತ ಅಂದರು ಒಬ್ಬರು, ನೀವೇ ಧೈರ್ಯ ತಂದುಕೊಳ್ಳಬೇಕು ಅಂದರು ಇನ್ನೊಬ್ಬರು. ಅಮ್ಮನವರು ಯಾರ ಹೆರಿಗೆಗೆ ಓಡಿದ್ದು, ಯಾರಿಗೆ ಬೈದದ್ದು ಎಲ್ಲ ಬಂತು. ಬ್ಯಾರಿಗಳ ಹೆಂಡತಿಗೂ ಅವಳು ಗೋಳಿಬಜೆ ಮಾಡಲು ಹೇಳಿಕೊಟ್ಟಿದ್ದಳಂತೆ, ಅದು ನನಗೆ ಗೊತ್ತಿರಲಿಲ್ಲ. ನನ್ನ ಮಗಳು ಒಳಗಿಂದ ಬಂದು ಎಲ್ಲರಿಗೂ ಕಾಫಿ ಕೊಟ್ಟಳು.

ಹನ್ನೆರಡನೇ ಮನೆಯಲ್ಲಿ ನಡೆದದ್ದು ಇಷ್ಟು. ಒಂದೂ ಬಿಡದೆ ಬರೆದಿದ್ದೇನೆ. ಇದನ್ನು ಹೀಗೆಯೇ ಮೇಡಂಗೆ ಕಳಿಸುತ್ತೇನೆ. ನನ್ನ ಪಾಠ ಪಾಸಾಯಿತಾ ಫೇಲಾಯಿತಾ ಅಂತ ಅವರೇ ನೋಡಿಕೊಳ್ಳಲಿ.

ಒಂದು ಮಾತು ಬಾಕಿ ಉಂಟು. ಎಲ್ಲರೂ ಹೊರಟ ಮೇಲೆ ಕಂಡಕ್ಟರರು ಜಗಲಿಯಲ್ಲಿ ಚಪ್ಪಲಿ ಹಾಕಿಕೊಂಡವರು ಪುನಃ ಬಿಚ್ಚಿ ಒಳಗೆ ಬಂದರು. ತುಂಬ ದಿನದಿಂದ ಮನಸ್ಸಿನಲ್ಲಿ ಇದ್ದದ್ದು ಬಗೆಹರಿದ ಹಾಗಿತ್ತು ಅವರ ಮುಖ.

"ಅಯ್ಯನವರೇ, ದೇವರಿಗೆ ಒಳ್ಳೆಯವರು ಬೇಕು ಅಂದರೆ ಉಳಿದವರ ಕತೆ ಎಂತ ಅಂತ ನೀವು ಆ ದಿನ ಕೇಳಿದ್ದಿರಲ್ಲ, ನಾನು ಅದನ್ನೇ ಯೋಚನೆ ಮಾಡ್ತಾ ಇದ್ದೆ." ನನ್ನ ಎರಡೂ ಕೈ ಹಿಡಿದುಕೊಂಡು, ನನಗೆ ಧೈರ್ಯ ಬರಲಿ ಅಂತಲೇ ಹೇಳಿದರು. "ನೀವು ಏನೂ ಹೆದರಬೇಡಿ. ನಿಮಗೆ ಇನ್ನೂ ತುಂಬ ವರ್ಷ ಉಂಟು."