ಫ್ರಿಜ್ಜಿನ ಮೇಲಿನ ಡಬ್ಬಿಯವರಿಗೆ, ಅರ್ಧಕ್ಕೆ ನಿಂತ ಬೈಗುಳದ ಸಲುವಾಗಿ

ಮಾನ್ಯ ಸ್ಟೋರೇಜ್ ಡಬ್ಬಿಯವರೇ,

ನಮ್ಮ ಮನೆಯ ಸಮಸ್ತ ಫೋಟೋ ವಿಡಿಯೋಗಳ ಒಡೆಯರೂ, ಫ್ರಿಜ್ಜಿನ ಮೇಲೆ ಕಾಯಂ ವಾಸ್ತವ್ಯ ಹೂಡಿದವರೂ, ಗಾತ್ರದಲ್ಲಿ ಅವಲಕ್ಕಿ ಡಬ್ಬದಷ್ಟಿದ್ದರೂ ಗಾಂಭೀರ್ಯದಲ್ಲಿ ತಾಲ್ಲೂಕು ಕಚೇರಿಗೆ ಸಮಾನರೂ ಆದ ತಮಗೆ, ಸರ್ವೆ ಇಲಾಖೆಯಿಂದ ನಿವೃತ್ತನಾಗಿ ಕಡೂರಿನಲ್ಲಿರುವ ದ್ವಾರಕಾನಾಥನು ಮಾಡುವ ನಮಸ್ಕಾರಗಳು. ಇತ್ತ ನಾನು ಕ್ಷೇಮ. ತಮ್ಮ ಕ್ಷೇಮ ವಿಚಾರಿಸುವ ಧೈರ್ಯ ಸದ್ಯಕ್ಕಿಲ್ಲ. ಇಂಥ ಪತ್ರವನ್ನು 'ದಿ ಅಂಡರ್‌ಸೈನ್ಡ್ ಹಂಬ್ಲಿ ಬೆಗ್ಸ್ ಟು ಸಬ್ಮಿಟ್' ಎಂದು ಶುರು ಮಾಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ಸಬ್ಮಿಟ್ ಆದ ಮೇಲೆ ಏನು ಬರೆಯಬೇಕೆಂಬುದು ಮರೆತುಹೋಗಿರುವುದರಿಂದ ಕನ್ನಡದಲ್ಲೇ ಮುಂದುವರಿಯುತ್ತೇನೆ.

ತಾವು ನಮ್ಮ ಮನೆಗೆ ದಯಮಾಡಿಸಿದ ದಿನ ತಮಗೆ ನೆನಪಿರಬೇಕು, ನೆನಪಿಡುವುದೇ ತಮ್ಮ ಉದ್ಯೋಗವಾಗಿತ್ತಲ್ಲ. ನನ್ನ ಹೆಂಡತಿ ಸೀತಾದೇವಿ ಕಂಡವರ ಮನೆಯ ರಂಗೋಲಿ, ಬೀದಿ ಬೆಕ್ಕು, ಸಿಂಗಟಗೆರೆ ಕೆರೆ ಕೋಡಿ ಬಿದ್ದದ್ದು, ಹೀಗೆ ಸಿಕ್ಕಿದ್ದನ್ನೆಲ್ಲ ವಿಡಿಯೋ ಮಾಡಿ ಮಾಡಿ, ಅವಳ ಮೊಬೈಲು ಇನ್ನೊಂದು ಫೋಟೋ ಹಿಡಿಸಲಾರದೆ ಕೂತಾಗ, ಊರಿನಲ್ಲೇ ಇಂಟರ್ನೆಟ್ ಲೈನ್ ಎಳೆಯುವ ನನ್ನ ತಂಗಿಯ ಮಗ ಭಾರ್ಗವ ತಮ್ಮನ್ನು ಕಂಕುಳಲ್ಲಿಟ್ಟುಕೊಂಡು ಬಂದ. "ಅತ್ತೆ, ಇದ್ರೊಳಗೆ ಎರಡು ಡಿಸ್ಕ್ ಇದೆ. ಒಂದ್ರಲ್ಲಿರೋದೇ ಇನ್ನೊಂದ್ರಲ್ಲೂ ಇರುತ್ತೆ. ಒಂದು ಕೈ ಕೊಟ್ರೂ ಇನ್ನೊಂದು ಸಂಸಾರ ನಡೆಸುತ್ತೆ" ಎಂದು ತಮ್ಮ ಗುಣಗಾನ ಮಾಡಿದ. ಸೀತಾದೇವಿ ನನ್ನ ಕಡೆ ಒಂದು ಸಲ ನೋಡಿ, "ಹಂಗಾದ್ರೆ ನಮ್ಮನೆ ಥರ ಅಲ್ಲ ಬಿಡೋ, ಇಲ್ಲಿ ನಡೆಸ್ತಿರೋದು ಒಂದೇ" ಎಂದಳು.

ಅವಳು ಹೋಗಿ ಎರಡು ವರ್ಷವಾಯಿತು. ಆಮೇಲೆ ಒಂದು ದಿನ ತಮ್ಮ ಹಸಿರು ದೀಪ ಕೆಂಪಾಯಿತು. ಅಡುಗೆಮನೆಗೆ ಅದೊಂದು ಶೋಭೆ ಎಂದುಕೊಂಡೆ. ತಾವು ಪೀಂ ಪೀಂ ಎಂದು ಕೂಗತೊಡಗಿದಿರಿ. ಅದು ಪಕ್ಕದ ಮನೆಯ ಕೆಂಚಪ್ಪನ ಗೂಡ್ಸ್ ಗಾಡಿ ರಿವರ್ಸ್ ತೆಗೆಯುವ ಸದ್ದೆಂದು ತಿಳಿದು, ಅವನ ಮನೆಗೇ ಹೋಗಿ, "ಏನಪ್ಪಾ ಕೆಂಚಪ್ಪ, ಬೆಳಗ್ಗೆಯಿಂದ ಹಿಂದಕ್ಕೇ ಹೋಗ್ತಿದೀಯಲ್ಲ, ಮುಂದಕ್ಕೆ ಹೋಗೋದು ಯಾವಾಗ?" ಎಂದು ಕೇಳಿದೆ. "ಗಾಡಿ ಗ್ಯಾರೇಜಲ್ಲೈತೆ ಕಣ್ರೀ, ಮೊದ್ಲು ಕಿವಿ ತೋರಿಸ್ಕೊಳ್ಳಿ" ಎಂದ. ಇಷ್ಟು ಅವಮಾನ ನಾನು ಅನುಭವಿಸಿದರೂ ತಾವು ಮಾತ್ರ ಪೀಂ ಎಂಬ ಒಂದೇ ಶಬ್ದದ ಭಾಷೆಯನ್ನು ಬಿಟ್ಟುಕೊಡಲಿಲ್ಲ; ತಮ್ಮ ಈ ಭಾಷಾಭಿಮಾನಕ್ಕೆ ನನ್ನ ಸಲಾಂ.

ಅಷ್ಟರಲ್ಲಿ ಆಯುಧಪೂಜೆ ಬಂತು. ಸೀತಾದೇವಿಯ ಆಡಳಿತದಲ್ಲಿ ತಮಗೆ ಸಿಗುತ್ತಿದ್ದದ್ದು ಒಂದು ಕುಂಕುಮದ ಬೊಟ್ಟು, ಒಂದು ಹೂವು. ಇದು ತಮ್ಮ ಘನತೆಗೆ ಕಡಿಮೆಯಾಯಿತೆಂದು ನಾನು ಸ್ಕೂಟರಿಗೆ ಮಾಡಿದ ಸಕಲ ಉಪಚಾರವನ್ನೂ ತಮಗೂ ಮಾಡಿದೆ: ಮೈತುಂಬ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ, ಬೆನ್ನಿನ ಜಾಲರಿಯ ಮೇಲೆ ಮುಷ್ಟಿಗಟ್ಟಲೆ ಅಕ್ಷತೆ. ಸ್ಕೂಟರು ಇವತ್ತಿಗೂ ಓಡುತ್ತಿದೆ. ತಾವು ಸಂಜೆಯೊಳಗೇ ಐಕ್ಯರಾದಿರಿ. ಪೂಜೆ ಸ್ವೀಕರಿಸಿದ ದಿನವೇ ಮೋಕ್ಷ ಪಡೆದ ಇನ್ನೊಬ್ಬ ದೇವರನ್ನು ನಾನು ಕಂಡಿಲ್ಲ.

ನನ್ನ ಅಹವಾಲು ಒಂದೇ ಒಂದು ವಿಡಿಯೋದ ಬಗ್ಗೆ. ಸೀತಾದೇವಿ ಊರನ್ನೆಲ್ಲ ಹಿಡಿದವಳು, ಆದ್ದರಿಂದ ಯಾವುದರಲ್ಲೂ ಅವಳಿಲ್ಲ. ವಿಡಿಯೋ ಮಾಡುವಾಗ ಕೈ ಅಲುಗೀತೆಂದು ಉಸಿರನ್ನೇ ಬಿಗಿಹಿಡಿಯುತ್ತಿದ್ದಳು, ಆದ್ದರಿಂದ ಧ್ವನಿಯೂ ಇಲ್ಲ. ಇರುವುದು ಒಂದರಲ್ಲಿ ಮಾತ್ರ. ಅಜ್ಜಂಪುರದಲ್ಲಿ ಒಂದು ನಾಮಕರಣಕ್ಕೆಂದು ಇಬ್ಬರೂ ರೈಲಿನಲ್ಲಿ ಹೊರಟಿದ್ದೆವು. ಬೀರೂರಿನಲ್ಲಿ ನಾನು ಕಾಫಿಗೆಂದು ಇಳಿದೆ. ಅವಳು ಕಿಟಕಿಯಿಂದ ಪ್ಲಾಟ್‌ಫಾರಂ ನಾಯಿಮರಿಗಳನ್ನು ಹಿಡಿಯುತ್ತಿರುವಾಗಲೇ ರೈಲು ಹೊರಟಿತು. ಅಂದಿನಿಂದ ಅವಳಿಗೆ ಬೇಸರವಾದಾಗಲೆಲ್ಲ ಆ ವಿಡಿಯೋ ಹಾಕಿಕೊಂಡು ನಗುತ್ತಿದ್ದಳು. ನನ್ನನ್ನು ಬೈದದ್ದು ಅದರಲ್ಲಿ ಸಾಂಗೋಪಾಂಗವಾಗಿ ದಾಖಲಾಗಿತ್ತು.

ಹಾಗಾಗಿ ತಮ್ಮನ್ನು ಟವಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತರೀಕೆರೆಗೆ ಹೋದೆ. ಅಲ್ಲಿ ಸೈಫುಲ್ಲಾ ಸಾಹೇಬರ ಮಗಳು ಸುಮಯ್ಯ, ಎಂಜಿನಿಯರಿಂಗ್ ಓದಿ ಕೆಟ್ಟ ಡಿಸ್ಕುಗಳಿಂದ ಫೈಲು ತೆಗೆಯುವ ಅಂಗಡಿ ಇಟ್ಟಿದ್ದಾಳೆ. ತಮ್ಮ ಹೊಟ್ಟೆ ಬಿಚ್ಚಿದವಳೇ, "ಅಂಕಲ್, ಇದೇನು ಅಕ್ಕಿ? ಪುಲಾವ್‌ಗೆ ಇಟ್ಟಿದ್ರಾ?" ಎಂದಳು. ಮೂಲೆಯಲ್ಲಿ ಪೇಪರು ಓದುತ್ತಿದ್ದ ಸೈಫುಲ್ಲಾ ಸಾಹೇಬರು, "ಬೇಜಾರ್ ಮಾಡ್ಕೋಬೇಡಿ ಸಾರ್, ಇವ್ಳು ನನ್ ಬಿಪಿ ಮಿಷನ್ ನೋಡಿದ್ರೂ ಹಿಂಗೇ ಬೈಯೋದು" ಎಂದರು. ಆಮೇಲೆ ಸುಮಯ್ಯ ತಮ್ಮ ಚರಿತ್ರೆ ಹೇಳಿದಳು. "ಒಂದು ಡಿಸ್ಕ್ ಯಾವತ್ತೋ ಹೋಗ್ಬಿಟ್ಟಿದೆ ಅಂಕಲ್. ಇನ್ನೊಂದು ಒಂಟಿಯಾಗೇ ಇಷ್ಟು ದಿನ ನಡ್ಸಿದೆ. ಅದೂ ಬದುಕ್ತಿತ್ತು, ನಿಮ್ಮ ಅಕ್ಷತೆ ಒಳಗಿನ ಫ್ಯಾನಿಗೆ ಸಿಕ್ಕಾಕೊಂಡು ಬಿಸಿಗೆ ಬೆಂದ್ಹೋಯ್ತು."

ಒಂಟಿಯಾಗಿ ನಡೆಸಿದಿರೆಂದು ಕೇಳಿ ತಮ್ಮ ಮೇಲಿನ ಸಿಟ್ಟು ಅರ್ಧ ಇಳಿಯಿತು. ಮಿಕ್ಕ ಅರ್ಧ ಏರಿದ್ದು ತಾವು ಹಿಂತಿರುಗಿಸಿದ ಐಶ್ವರ್ಯವನ್ನು ಕಂಡು. ಹಿರೇನಲ್ಲೂರಿನ ನಂಜುಂಡಪ್ಪ ದಿನಾ ಕಳಿಸುವ ಶುಭೋದಯದ ಗುಲಾಬಿಗಳು ಒಂದು ಎಸಳೂ ಉದುರದೆ ಬಂದವು. ಕರೆಂಟ್ ಮೀಟರಿನ ಫೋಟೋಗಳು ಬಂದವು. ಪಿಂಚಣಿಗೆಂದು ತೆಗೆಸಿದ, ನಾನು ಕಣ್ಣು ಮುಚ್ಚಿರುವ ಭಾವಚಿತ್ರ ಏಳು ಪ್ರತಿಗಳಲ್ಲಿ ಬಂತು. ಆ ವಿಡಿಯೋ ಮಾತ್ರ ಕೊನೆಗೆ, ಸುಮಯ್ಯ ವಾರಗಟ್ಟಲೆ ಹೆಣಗಿದ ಮೇಲೆ, ಅರ್ಧ ಬಂತು. ನಾಯಿಮರಿಗಳಿವೆ. ಕಾಫಿ ಲೋಟ ಹಿಡಿದು ಓಡುತ್ತ ಸಣ್ಣಗಾಗುತ್ತ ಹೋಗುವ ನಾನಿದ್ದೇನೆ. ಮತ್ತೆ ಅವಳ ಧ್ವನಿ: "ಅಯ್ಯೋ, ರೈಲು ಹೊರಟ್ಹೋಯ್ತಲ್ರೀ! ಓಡ್ಬೇಡಿ, ಬಿದ್ದೀರಿ! ನಿಧಾನಕ್ಕೆ ಕಾಫಿ ಕುಡ್ಕೊಂಡೇ ಬನ್ನಿ ಮುಂದಿನ ರೈಲಿಗೆ, ಅಜ್ಜಂಪುರದಲ್ಲಿ ಕೂತಿರ್ತೀನಿ, ಬಂದ್ಮೇಲೆ ನಿಮಗೆ..." ಅಷ್ಟೇ. ಅಲ್ಲಿಗೆ ಪರದೆ ಬೂದಿ ಬಣ್ಣ.

ಮಾನ್ಯರೇ, 'ಬಂದ್ಮೇಲೆ ನಿಮಗೆ' ಎಂಬುದು ಬೈಗುಳದ ಪೀಠಿಕೆ ಮಾತ್ರ. ಅಸಲು ಬೈಗುಳ ತಮ್ಮ ವಶದಲ್ಲಿದೆ. ಅದರಲ್ಲಿ ನನ್ನ ತಾಯಿಯ ಕಡೆಯವರೆಲ್ಲರ ಕಾಫಿ ಚಟದ ಪ್ರಸ್ತಾಪವಿತ್ತೆಂದು ಜ್ಞಾಪಕ, ಪದಗಳು ನೆನಪಾಗುತ್ತಿಲ್ಲ. ಹೋದ ಭಾನುವಾರ, ಪದಗಳು ಅಲ್ಲೆಲ್ಲಾದರೂ ಸಿಕ್ಕಾವೆಂದು ಅದೇ ದಾರಿಯಲ್ಲಿ ಹೋದೆ. ಬೀರೂರಿನಲ್ಲಿ ಇಳಿದು ಕಾಫಿ ಕುಡಿದೆ, ಬೇಕೆಂದೇ ರೈಲು ಬಿಟ್ಟೆ, ಮುಂದಿನದಕ್ಕೆ ಅಜ್ಜಂಪುರಕ್ಕೆ ಹೋಗಿ ಬೆಂಚಿನ ಮೇಲೆ ಕೂತೆ. ಬೈಯುವವರು ಯಾರೂ ಇರಲಿಲ್ಲ. ಆದ್ದರಿಂದ ಗುಲಾಬಿಗಳನ್ನೂ ಮೀಟರುಗಳನ್ನೂ ನನ್ನ ಮುಚ್ಚಿದ ಕಣ್ಣುಗಳನ್ನೂ ತಾವೇ ಇಟ್ಟುಕೊಂಡು, ಉಳಿದ ಬೈಗುಳವನ್ನು, ಒಟ್ಟಿಗೆ ಆಗದಿದ್ದರೆ ಕಂತಿನಲ್ಲಾದರೂ, ಕೊಡಿಸಬೇಕಾಗಿ 'ಕೈಂಡ್ಲಿ ಡೂ ದಿ ನೀಡ್‌ಫುಲ್ ಅಂಡ್ ಒಬ್ಲೈಜ್'.

ಇನ್ನು ಮುಂದೆ ಪೀಂ ಎಂದರೆ ಎದ್ದು ಬರುವ,
ತಮ್ಮ ವಿಶ್ವಾಸಿ,
ದ್ವಾರಕಾನಾಥ

ತಾ.ಕ.: ಭಾರ್ಗವ ತಮ್ಮೊಳಗೆ ಹೊಸ ಡಿಸ್ಕುಗಳ ಜೋಡಿಯನ್ನು ಕೂರಿಸಿ, ಉಳಿದು ಬಂದದ್ದನ್ನೆಲ್ಲ ಅದಕ್ಕೆ ತುಂಬಿದ್ದಾನೆ, ಸುಮಯ್ಯ ತಮ್ಮ ಬೆನ್ನಿಗೆ 'ಇಲ್ಲಿ ಅಕ್ಕಿ ಹಾಕಬಾರದು' ಎಂದು ಚೀಟಿ ಅಂಟಿಸಿದ್ದಾಳೆ. ಮುಂದೆ ಜೋಡಿಯಲ್ಲಿ ಒಬ್ಬರು ಹೋದರೆ ಉಳಿದವರು ಪೀಂ ಎಂದು ಗೊಣಗುತ್ತ ಕೂರದೆ, ನನ್ನನ್ನು ಬಾಯಿಬಿಟ್ಟು ಬೈಯತಕ್ಕದ್ದು. ಬೈಯುವುದು ಹೇಗೆಂದು ಗೊತ್ತಿಲ್ಲದಿದ್ದರೆ ತಮ್ಮೊಳಗೇ ಅರ್ಧ ಮಾದರಿ ಇದೆ; ದಿನಾ ಸಂಜೆ ಕಾಫಿ ಹೊತ್ತಿಗೆ ಹಾಕುತ್ತೇನೆ, ಕೇಳಿ ಕಲಿಯಿರಿ.