ತೊಗರಿ ಹೊಲ ಮತ್ತು ಇಂಗ್ಲೆಂಡಿನ ತೆರಿಗೆ

ನಮ್ಮ ಮದುವೆಯ ವರ್ಷ ಬರಗಾಲ. ಔರಾದದ ನಮ್ಮ ಓಣಿಯ ಅರ್ಧ ಜನ ದುಡಿಯಲು ಮುಂಬೈಗೆ ಹೋದರು. ನಮ್ಮ ಯಜಮಾನರು ಮುಂಬೈಯನ್ನೂ ದಾಟಿ ಇಂಗ್ಲೆಂಡಿಗೆ ಹೋಗಿಬಿಟ್ಟರು! ಅಲ್ಲಿ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿದು, ಪಿಂಚಣಿ ಪಡೆದು, ಬೀದರದ ಚಿದ್ರಿಯಲ್ಲಿ ಮನೆ ಮಾಡಿದರು. ಹೋದ ವರ್ಷ ತೀರಿಕೊಂಡರು.

ಅವರ ಪಿಂಚಣಿಯ ಅರ್ಧ ಈಗ ನನಗೆ ಬರುತ್ತದೆ. ಆದರೆ ಅಲ್ಲಿಯವರು ಮೊದಲೇ ತೆರಿಗೆ ಮುರಿದುಕೊಳ್ಳುತ್ತಾರೆ. ನಾನು ವಿದೇಶದಲ್ಲಿ ವಾಸವಾಗಿದ್ದೇನೆಂದು ಅರ್ಜಿ ಕೊಟ್ಟರೆ ಮುರಿಯುವುದಿಲ್ಲವಂತೆ. ವಿದೇಶವೆಂದರೆ ಯಾವುದು? ಚಿದ್ರಿ! ಭಾಲ್ಕಿಯ ತವರಿಗೆ ಹೋದರೂ ಮೂರನೆಯ ದಿನಕ್ಕೆ ಮರಳುವ ನಾನು ವಿದೇಶವಾಸಿ! ಈ ಪದವಿ ನನಗೆ ಬಹಳ ಹಿಡಿಸಿತು.

ನಿವೃತ್ತ ಶಿಕ್ಷಕಿಯಾದ ನಾದಿನಿ ಮಹಾದೇವಿ ಔರಾದದಿಂದ ಬಸ್ಸಿನಲ್ಲಿ ಬಂದು ಅರ್ಜಿ ತುಂಬಿದಳು. "ಇನ್ನ ಅವರು ಫೋನ್ ಮಾಡಿ ಒಂದೆರಡ ಮಾತ ಕೇಳ್ತಾರ ವೈನಿ. ಕನ್ನಡದಾಗೇ ಕೇಳ್ತಾರಂತ."

"ಕೇಳಲಿ. ನಾ ಏಳನೇತ್ತ ಪಾಸಾಗೇನಿ" ಎಂದೆ.

ಫೋನು ಬಂತು. ಆ ಕಡೆ ಒಬ್ಬ ಸಾಹೇಬ, ನಡುವೆ ಮೈಸೂರಿನ ಕಡೆಯ ಮಾತಿನ ಒಬ್ಬ ದುಭಾಷಿ ಹೆಣ್ಣುಮಗಳು.

"ಅಮ್ಮಾ, ನಿಮ್ಮ ಯಜಮಾನರ ಹೆಸರು ಹೇಳಿ."

ಗಂಡನ ಹೆಸರನ್ನು ನಾನು ಹಾಗೆ ಎಂದೂ ಹೇಳಿದವಳಲ್ಲ!

"ಅವರ ಹೆಸರ ನಿಮ್ಮ ಕಾಗದದಾಗ ಅದ ನೋಡ್ರಿ."

"ಇದೆ ಅಮ್ಮ. ಆದರೆ ನೀವೇ ಹೇಳಬೇಕು."

"ನೀವು ಓದ್ರಿ, ನಾ ಹೂಂ ಅಂತೇನಿ."

"ಹಾಗೆ ಆಗಲ್ಲಮ್ಮ."

ಮಹಾದೇವಿ ಫೋನಿಗೆ ಬಾಯಿ ಹಾಕಿದಳು. "ನಾ ಹೇಳ್ತೇನ್ರಿ, ನಮ್ಮಣ್ಣ ಅವ!" ಬೇರೆಯವರು ಹೇಳುವಂತಿಲ್ಲ ಎಂದು ಸಾಹೇಬ ಗದರಿಸಿದ. ಮಹಾದೇವಿ ನನ್ನನ್ನು ತಿವಿದಳು. "ಒಡಪು ಹೇಳಿ ಮುಗಸ್ರಿ ವೈನಿ!"

ಎಂಥ ಉಪಾಯ! ಗಂಡನ ಹೆಸರನ್ನು ಪದ ಕಟ್ಟಿ ಅದರೊಳಗಿಟ್ಟು ಹೇಳಿದರೆ ತಪ್ಪಿಲ್ಲ. ಅವರು ಮೊದಲ ಸಲ ರಜೆಗೆ ಬಂದಾಗ ಇದೇ ಮಹಾದೇವಿ ನಮ್ಮನ್ನು ಹೊಸ್ತಿಲಲ್ಲಿ ತಡೆದು ಹೇಳಿಸಿದ ಒಡಪು ನೆನಪಿತ್ತು. ಸೆರಗು ಸರಿಮಾಡಿಕೊಂಡು, ರಾಗವಾಗಿಯೇ ಹೇಳಿದೆ:

"ತೊಗರಿ ಹೊಲದಾಗ ಹಳದಿ ಹೂವಿನ ಸಾಲ,
ಕಾಶಿನಾಥರು ಮನಿಗಿ ಬಂದರ ಎಲ್ಲಿ ಉಳೀತು ಬರಗಾಲ!"

ದುಭಾಷಿ ಪಾಪ, ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿದಳು. ಸಾಹೇಬ ಟಕಟಕ ಎಂದು ಬರೆದುಕೊಳ್ಳುವುದು ಕೇಳಿಸಿತು. ಗೆದ್ದೆ ಎಂದುಕೊಂಡೆ.

ತಿಂಗಳ ಮೇಲೆ ಕಾಗದ ಬಂತು. ಮಹಾದೇವಿ ಓದಿ ತಲೆ ಹಿಡಿದುಕೊಂಡಳು.

"ಏನಂತ?"

"ಎರಡ ಸವಾಲ್ ಹಾಕ್ಯಾರ. ಒಂದು, ನಿಮ್ಮ ತೊಗರಿ ಹೊಲದ ಆದಾಯ ಎಷ್ಟು?"

"ಹೊಲಾನೇ ಇಲ್ಲಲ್ಲ!"

"ಎರಡು, ಕಾಶಿನಾಥರು ತೀರಿಕೊಂಡಾರಂತ ದಾಖಲೆ ಕೊಟ್ಟೀರಿ. ಫೋನಿನಾಗ ಮನಿಗಿ ಬಂದರಂತ ಹೇಳೀರಿ. ಯಾವುದು ಖರೆ?"

ನಾನು ಗೋಡೆಯ ಮೇಲಿನ ಫೋಟೋ ನೋಡಿದೆ. ಅಷ್ಟು ದೂರದ ಕಚೇರಿಯೊಂದು ಅವರು ಬಂದಿರಬಹುದೇ ಎಂದು ವಿಚಾರಿಸುತ್ತಿದೆಯಲ್ಲ! ಉತ್ತರ ಬರೆಯಲು ನನಗೇನೂ ಅವಸರವಿರಲಿಲ್ಲ. ಮೂರು ದಿನ ಕಾಗದ ಫೋಟೋದ ಕೆಳಗೇ ಇತ್ತು. ನಾಲ್ಕನೆಯ ದಿನ, "ಒಡಪು ಹೇಳಿದ್ದು ತಪ್ಪಾಯಿತು, ಅವರು ಬಂದಿಲ್ಲ" ಎಂದು ಬರೆಸಿದೆ.

ಮತ್ತೆ ಫೋನು ಮಾಡುತ್ತೇವೆಂದರು. ಈ ಸಲ ಬಿಡಬಾರದು! ದಿನಾ ಬೆಳಿಗ್ಗೆ ಫೋಟೋದ ಮುಂದೆ ಕುಳಿತು, "ಕಾಶಿನಾಥ, ಕಾಶಿನಾಥ" ಎಂದು ಜಪಿಸಿದೆ. ಮೊದಲ ದಿನ ಧ್ವನಿಯೇ ಹೊರಡಲಿಲ್ಲ. ಎರಡನೆಯ ದಿನ ಅಳು ಬಂತು. ಹತ್ತನೆಯ ದಿನದ ಹೊತ್ತಿಗೆ ನೀರು ಕುಡಿದಷ್ಟು ಸಲೀಸಾಯಿತು. ಬದುಕಿದ್ದಾಗ ಒಮ್ಮೆಯಾದರೂ ಹೀಗೆ ಕರೆದಿದ್ದರೆ ತಿರುಗಿ ನೋಡುತ್ತಿದ್ದರೋ, ಬೆಚ್ಚಿಬೀಳುತ್ತಿದ್ದರೋ!

ಫೋನು ಬಂತು. ಅದೇ ಹೆಣ್ಣುಮಗಳು. "ಒಡಪು ಬೇಡಮ್ಮ, ದಯವಿಟ್ಟು" ಎಂದಳು. "ಮೊದಲು ನಿಮ್ಮ ಹೆಸರು ಹೇಳಿ."

ನಾನು ಸ್ಪಷ್ಟವಾಗಿ, ಗಟ್ಟಿಯಾಗಿ, ತಡವರಿಸದೆ ಹೇಳಿದೆ:

"ಕಾಶಿನಾಥ!"

ಸಾಹೇಬ ಫೋನಿಟ್ಟ. ತೆರಿಗೆ ಇನ್ನೂ ಮುರಿಯುತ್ತಿದ್ದಾರೆ. ಮೂರನೆಯ ಫೋನಿಗಾಗಿ ನಾನೀಗ ನನ್ನ ಹೆಸರನ್ನು ರೂಢಿ ಮಾಡಿಕೊಳ್ಳುತ್ತಿದ್ದೇನೆ. ಎಲ್ಲರಿಗೂ ನಾನು ವೈನಿ, ಇಲ್ಲವೇ ಅವ್ವ. ಸುಭದ್ರಾ ಎಂದು ಕರೆಯುತ್ತಿದ್ದವರು ಅವರೊಬ್ಬರೇ. ನಿನ್ನೆ ಫೋಟೋದ ಮುಂದೆ ಕುಳಿತು ನಾನೇ "ಸುಭದ್ರಾ" ಎಂದೆ.

"ಬಂದೇನ್ರಿ" ಎಂದು ಎದ್ದು, ಚಹಾಕ್ಕೆ ನೀರಿಟ್ಟೆ!