ರೊಟ್ಟಿಯಂಥ ಆಮೆ

ಇವತ್ತು ಅಂಗಳ ಗುಡಿಸಿದೆ. ಹಾಲು ಕಾಸಿದೆ. ನಮ್ಮ ಮನೆಯವರು ಲಿಂಗಪೂಜೆಗೆ ಕೂಡುವ ಮಣೆಯನ್ನು ನಿನ್ನೆ ಇಟ್ಟಲ್ಲಿಯೇ ಇಟ್ಟು, ತಂಬಿಗೆ ಎಡಕ್ಕೆ, ವಿಭೂತಿ ಬಲಕ್ಕೆ ಜೋಡಿಸಿದೆ. ತೊಗರಿಬೇಳೆ ಆರಿಸಿದೆ. ಹಿತ್ತಲ ಮೆಟ್ಟಿಲಿನ ಅಂಚಿಗೆ ಬಳಿದಿದ್ದ ಬಿಳಿ ಬಣ್ಣ ಮಾಸಿತ್ತು, ಇನ್ನೊಂದು ಸಲ ಬಳಿದೆ. ಪಡಸಾಲೆಯ ಕುರ್ಚಿಯನ್ನು ಯಾರೋ ಒಂದು ಗೇಣು ಈಚೆಗೆ ಎಳೆದಿದ್ದರು, ಬೈದುಕೊಳ್ಳುತ್ತ ಮತ್ತೆ ಗೋಡೆಗೆ ಒತ್ತಿಟ್ಟೆ. ಮನೆಯಲ್ಲಿರುವವರು ನಾವಿಬ್ಬರೇ. ಅವರು ಆ ಕುರ್ಚಿಯನ್ನು ಎಡವುವವರೇ ಹೊರತು ಎಳೆಯುವವರಲ್ಲ. ಹಾಗಾಗಿ ಬೈಸಿಕೊಂಡವಳು ಯಾರೆಂದು ಬೇರೆ ಹೇಳಬೇಕಿಲ್ಲ.

ಮನೆಯಲ್ಲಿ ಒಬ್ಬರ ಕಣ್ಣು ಮಂದವಾದರೆ ಇನ್ನೊಬ್ಬರ ನಾಲಿಗೆ ತಾನಾಗಿಯೇ ಉದ್ದವಾಗುತ್ತದೆ. ಇದು ನಾನು ಕಂಡುಕೊಂಡ ಸತ್ಯ. ಮದುವೆಯಾಗಿ ತಾಂಡೂರಿಗೆ ಬಂದಾಗ ನಾನು ನಾರಾಯಣಖೇಡದ ಮೂಕಿ ಎಂದು ಹೆಸರಾಗಿದ್ದೆ. ಈಗ ರಸ್ತೆಗಿಳಿದರೆ ಸಾಕು, ರೇಡಿಯೋದಲ್ಲಿ ಕ್ರಿಕೆಟ್ ಹೇಳುವವರ ಹಾಗೆ ಶುರುವಾಗುತ್ತೇನೆ. ಎಡಕ್ಕೆ ಚರಂಡಿ ಇದೆ, ಮುಂದೆ ಎಮ್ಮೆ ನಿಂತಿದೆ, ಎಮ್ಮೆ ಈಗ ಹೊರಟಿತು, ಎದುರಿಗೆ ಬರುತ್ತಿರುವವರು ನಿಮ್ಮ ಗೆಳೆಯ ಬಸಣ್ಣ, ಹೊಸ ಅಂಗಿ ಹಾಕಿದ್ದಾರೆ, ಒಪ್ಪುತ್ತಿಲ್ಲ. ಬಸಣ್ಣ ಕರಣಕೋಟದ ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತಿಯಾದವರು. ಅವರೊಮ್ಮೆ ಆ ಕೊನೆಯ ಮಾತನ್ನು ಕೇಳಿಸಿಕೊಂಡು, "ವೈನಿ, ಗುರಪ್ಪನ ಕಣ್ಣು ಹೋದ್ರ ಹೋಗ್ಲಿ, ನಮ್ಮ ಮರ್ಯಾದಿ ಯಾಕ ಕಳೀತೀರಿ?" ಎಂದಿದ್ದರು.

ಗುರಪ್ಪ ಎಂದರೆ ನಮ್ಮ ಮನೆಯವರು. ಅವರದು ಕಲ್ಲಿನ ವ್ಯಾಪಾರ. ನಮ್ಮೂರ ನೆಲದಲ್ಲಿ ಎರಡು ಬಣ್ಣದ ಬಂಡೆ ಸಿಗುತ್ತದೆ, ನೀಲಿ ಮತ್ತು ಹಳದಿ. ಪಾಲಿಶ್ ಮಾಡಿದ ಫರ್ಶಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿಗಳನ್ನು ಸಾಲಾಗಿ ಒರಗಿಸಿಟ್ಟುಕೊಂಡು, ಯಾರೇ ಬರಲಿ, ನೀರು ಕೊಡುವ ಮೊದಲೇ ಅವರು ಕೇಳುತ್ತಿದ್ದ ಮಾತು ಒಂದೇ: "ನೀಲಿನೋ, ಹಳದಿನೋ?" ಮಗಳ ಮದುವೆಯ ಮಾತುಕತೆಗೆ ಜಹೀರಾಬಾದಿನಿಂದ ಬೀಗರು ಬಂದಾಗಲೂ ಹಾಗೇ ಕೇಳಿಬಿಟ್ಟಿದ್ದರು. ಬೀಗರು ಸೀರೆಯ ಬಣ್ಣ ಕೇಳುತ್ತಿದ್ದಾರೆಂದು ತಿಳಿದು ಹಳದಿ ಎಂದರು. ಬಂಡೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಇದೆಯೇ ಎಂದು ಇವರು ಬೆರಳಗೆಣ್ಣಿನಿಂದ ಬಡಿದು ನೋಡುತ್ತಿದ್ದರು. ಗಟ್ಟಿ ಬಂಡೆ ಗಂಟೆಯ ಹಾಗೆ ನುಡಿಯುತ್ತದೆ, ಬಿರುಕು ಬಿಟ್ಟದ್ದು ಮಡಕೆಯ ಹಾಗೆ ಬೊದ್ದೆನ್ನುತ್ತದೆ. ಈ ಬಡಿಯುವ ಚಟ ಮನೆಗೂ ಬಂತು. ಕುಂಬಳಕಾಯಿ, ಬಾಗಿಲು, ಹೊಸ ಪಾತ್ರೆ, ಒಮ್ಮೆ ತೊಟ್ಟಿಲಲ್ಲಿದ್ದ ಮೊಮ್ಮಗನ ತಲೆ.

ಅವರ ಜೀವನದಲ್ಲಿ ಒಂದೇ ಒಂದು ಕಲ್ಲು ಮೋಸ ಮಾಡಿತು. ನಮ್ಮ ಕಡೆ ಶಿವನ ಗುಡಿಗಳಲ್ಲಿ ನಂದಿಯ ಮುಂದೆ ನೆಲದ ಮೇಲೆ ಕಲ್ಲಿನ ಆಮೆ ಇರುತ್ತದೆಯಲ್ಲ, ಬಶೀರಾಬಾದಿನ ಹತ್ತಿರದ ಒಂದು ಹಳ್ಳಿಯ ಗುಡಿಗೆ ಅಂಥದೊಂದು ಬೇಕಾಗಿತ್ತು. ಶಿಲ್ಪಿಗಳು ಯಾಕೆ, ನಾನೇ ಕೆತ್ತುತ್ತೇನೆ ಎಂದು ಇವರು ಕೂತರು. ಆಗಿನ್ನೂ ಹರೆಯ, ಹುಮ್ಮಸ್ಸು ಹೆಚ್ಚು. ಜೀವಂತ ಆಮೆಯನ್ನು ಎಂದೂ ನೋಡಿದವರಲ್ಲ. ದುಂಡಗೆ ಒಂದು ಬೆನ್ನು ಮಾಡಿ, ಮಣೆಗೆ ಇರುವಂಥ ನಾಲ್ಕು ಗಿಡ್ಡ ಕಾಲು ಕೆತ್ತಿದರು. ಕೂಡಿಸಿದ ದಿನ ಊರ ಜನರ ಮುಂದೆ ಬಸಣ್ಣ ಬಗ್ಗಿ ನೋಡಿ, "ಗುರಪ್ಪ, ರೊಟ್ಟಿ ಚಲೋ ಆಗ್ಯಾದ. ಹಚ್ಕೊಂಡು ತಿನ್ಲಾಕ ಹಿಂಡಿ ಎಲ್ಲದ?" ಎಂದರು. ಅಂದಿನಿಂದ ನಮ್ಮ ಮನೆಯವರು ರೊಟ್ಟಿ ಗುರಪ್ಪ. ಆಮೆ ಈಗಲೂ ಅಲ್ಲಿದೆ. ಜನ ಕೈಮುಗಿಯುತ್ತಾರೆ, ಆದರೆ ಸ್ವಲ್ಪ ನಕ್ಕು ಕೈಮುಗಿಯುತ್ತಾರೆ.

ಹೈದರಾಬಾದಿನ ಕಣ್ಣಿನ ಡಾಕ್ಟರು ಕಣ್ಣಿನ ನರ ಒಣಗುತ್ತಿದೆ, ಹೋದ ನೋಟ ಮರಳುವುದಿಲ್ಲ, ಉಳಿದದ್ದೂ ಬಹಳ ಕಾಲ ನಿಲ್ಲದು, ನೋಡಬೇಕೆನಿಸಿದ್ದನ್ನು ನೋಡಿಬಿಡಿ ಎಂದಾಗ ನಾನು ಮನಸ್ಸಿನಲ್ಲೇ ಶ್ರೀಶೈಲಕ್ಕೆ ಬಸ್ಸು ಹತ್ತಿದ್ದೆ. ಇವರು ಊರು ಮುಟ್ಟಿ, ಚಹಾ ಕುಡಿದು ಲೋಟ ಇಟ್ಟ ಮೇಲೆ, "ಒಂದು ಖರೇ ಆಮಿ ನೋಡಬೇಕು," ಎಂದರು. "ಸಮುದ್ರದ್ದು. ಅದರ ಬೆನ್ನ ಮ್ಯಾಲ ಗೌಂಡಿ ಇಲ್ದೆ ಫರ್ಶಿ ಹಾಸಿದಂಗ ಇರ್ತದಂತ. ನಾ ಎಲ್ಲಿ ತಪ್ಪಿದೆ, ನೋಡೇ ಸಾಯಬೇಕು." ಸಾಯುವ ಮಾತು ಯಾಕೆ ಎಂದು ನಾನು ಗದರಿದೆ. "ಆತು, ನೋಡೇ ಕುರುಡಾಗಬೇಕು," ಎಂದು ತಿದ್ದಿಕೊಂಡರು.

ಮಗಳು ಅಂಡಮಾನಿಗೆ ಏರ್ಪಾಟು ಮಾಡಿದಳು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ನಾವಿಬ್ಬರೇ ಹೋದೆವು. ಮಧ್ಯಾಹ್ನದ ಊಟವಾದ ಮೇಲೆ ನಮ್ಮನ್ನು ಹತ್ತಿಸಿಕೊಂಡದ್ದು ಕ್ಯಾಟಮರಾನ್ ಎನ್ನುವ ದೋಣಿ. ಒಂದು ದೋಣಿಯ ಮೇಲೆ ನಂಬಿಕೆಯಿಲ್ಲದವರು ಮಾಡಿದ್ದಿರಬೇಕು. ಎರಡು ದೋಣಿಗಳನ್ನು ಜೋಡೆತ್ತಿನ ಹಾಗೆ ಅಕ್ಕಪಕ್ಕ ಹೂಡಿ, ನಡುವೆ ಬಲೆ ಬಿಗಿದಿರುತ್ತಾರೆ. ಇವರು ಹತ್ತಿದವರೇ ದೋಣಿಯ ಪಕ್ಕಕ್ಕೆ ಬೆರಳಗೆಣ್ಣಿನಿಂದ ಬಡಿದು, "ಪೊಳ್ಳು ಅದ," ಎಂದು ತೀರ್ಪು ಕೊಟ್ಟರು. ಪುಣ್ಯಕ್ಕೆ ಅಲ್ಲಿದ್ದವರಲ್ಲಿ ಕನ್ನಡ ಬರುವವಳು ನಾನೊಬ್ಬಳೇ. ಅಲ್ಲಿಂದ ನೀರಿಗಿಳಿಯುವ ಜಾಗ ಮುಟ್ಟುವವರೆಗೂ ನಾನು ಬಲೆಯ ಹಗ್ಗ ಬಿಡಲಿಲ್ಲ.

ನೀರಿಗಿಳಿಸುವ ಗೈಡು ನಡುವಯಸ್ಸಿನ ಗಟ್ಟಿ ಆಳು. ಈಜು ಬರದವರಿಗೆ ತೇಲುವ ಜಾಕೆಟ್ ತೊಡಿಸಿ, ಬಾಯಿಗೆ ಕೊಳವೆ, ಕಣ್ಣುಮೂಗಿಗೆ ಗಾಜಿನ ಮುಖವಾಡ ಬಿಗಿದು, ಒಬ್ಬೊಬ್ಬರನ್ನೇ ಹಿಡಿದುಕೊಂಡು ಹೋಗಿ ತೋರಿಸುತ್ತಿದ್ದ. ಕೊರಳಲ್ಲಿ ಇದ್ದದ್ದನ್ನೆಲ್ಲ ತೆಗೆದಿಡಿ, ನೀರಿಗೆ ಬಿದ್ದೀತು ಎಂದ. ಇವರು ಎದೆಯ ಮೇಲಿನ ಲಿಂಗವನ್ನು ಮುಚ್ಚಿ ಹಿಡಿದು, "ನಾ ಬಿದ್ರೂ ಇದು ಬೀಳಂಗಿಲ್ಲ, ಹೇಳು ಅವನಿಗೆ," ಎಂದರು. ನಾನು ನನ್ನ ದಖನಿ ಹಿಂದಿಯಲ್ಲಿ ಹೇಳಿದೆ. ಆತ ಒಪ್ಪಿ, ಲಿಂಗದ ಮೇಲೆಯೇ ಜಾಕೆಟ್ ಬಿಗಿದ. ಆಮೇಲೆ ಇವರ ಕನ್ನಡಕಕ್ಕೆ ಕೈ ಹಾಕಿದ.

ನಾವು ಏನೆಲ್ಲ ಯೋಚಿಸಿದ್ದೆವು. ಬಿಸಿಲು, ವಾಂತಿ, ಉಪ್ಪುನೀರು, ನನ್ನ ಮೊದಲ ಚೂಡಿದಾರ. ಕನ್ನಡಕದ ಮೇಲೆ ಮುಖವಾಡ ಕೂಡುವುದಿಲ್ಲ ಎನ್ನುವುದು ಮಾತ್ರ ಮಗಳಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಇವರು ಆತನಿಗೆ ತಾವೇ ದಖನಿಯಲ್ಲಿ, ಭಾಯಿ, ಚಶ್ಮಾ ತೆಗೆದರೆ ಆಮೆ ಬಿಡು, ನೀನೇ ಕಾಣುವುದಿಲ್ಲ ಎಂದರು. ಎಲ್ಲರೂ ನಕ್ಕರು. ಇವರೂ ನಕ್ಕರು. ಕನ್ನಡಕವನ್ನು ಮಡಚಿ ನನ್ನ ಅಂಗೈಯಲ್ಲಿಟ್ಟು, ಮೆಟ್ಟಿಲು ತಡವುತ್ತ ಇಳಿದರು. ಹೋದಷ್ಟೇ ಬೇಗ ಬಂದರು. ಆದರೆ ಮೇಲೆ ಹತ್ತಲಿಲ್ಲ. ಮೆಟ್ಟಿಲ ಪಕ್ಕದ ಹಗ್ಗ ಹಿಡಿದು ನೀರಲ್ಲೇ ನಿಂತು, "ನೀ ಹೋಗಿ ಬಾ," ಎಂದರು.

ಹೋದೆ. ಚೂಡಿದಾರದೊಳಗೆ ನೀರು ತುಂಬಿ ಎರಡೂ ಕಾಲು ಗೋಧಿ ಚೀಲವಾಗಿದ್ದವು. ತಲೆ ಮುಳುಗಿಸಿದೆ. ಕೆಳಗೆ ಹುಲ್ಲು ಬೆಳೆದಿತ್ತು. ಅದರ ನಡುವಿನಿಂದ ಒಂದು ಆಮೆ ಎದ್ದು ಬಂತು. ಅದಕ್ಕೆ ಅವಸರವೆಂಬುದೇ ಇರಲಿಲ್ಲ. ಸಂತೆ ಮುಗಿಸಿಕೊಂಡು ತಂಪು ಹೊತ್ತಿಗೆ ಮನೆಗೆ ಹೊರಟ ಮುದುಕಿಯ ಹಾಗೆ ಬಂದು, ನನ್ನ ಕೆಳಗೇ ಹಾದು, ಒಮ್ಮೆ ಮುಖ ಎತ್ತಿ ನೋಡಿತು. ನನಗೆ ತಕ್ಷಣ ಆದದ್ದು ಸಂತೋಷವಲ್ಲ, ಅಭ್ಯಾಸ. "ಎಡಕ್ಕ ನೋಡ್ರಿ" ಎಂದು ಕೂಗಿದೆ. ಬಾಯಲ್ಲಿ ಕೊಳವೆ ಇರುವುದು ಮರೆತುಹೋಗಿತ್ತು. ಒಂದು ತಂಬಿಗೆ ಉಪ್ಪುನೀರು ಒಳಗೆ ಹೋಯಿತು. ಬೀದಿಯ ಎಮ್ಮೆಯಿಂದ ಹಿಡಿದು ಬಸಣ್ಣನ ಅಂಗಿಯ ತನಕ ಎಲ್ಲವನ್ನೂ ಹೇಳಿದವಳು, ಹೇಳಲೇಬೇಕಾದ ಒಂದನ್ನು ಹೇಳಲಾರದೆ ಕೆಮ್ಮುತ್ತ ತಲೆ ಎತ್ತಿದೆ. ಇವರು ಮುಖವಾಡವನ್ನು ಹಣೆಗೆ ಏರಿಸಿಕೊಂಡು, ಸಮುದ್ರಕ್ಕೆ ಬೆನ್ನು ಹಾಕಿ, ದೋಣಿಯ ಬಿಳಿ ಗೋಡೆಯನ್ನು ನೋಡುತ್ತ ನಿಂತಿದ್ದರು. ನನ್ನ ಮುಖವಾಡದೊಳಗೆ ನೀರಿತ್ತು. ಹೊರಗಿಂದ ಬಂದದ್ದೋ ಒಳಗಿನದೋ ಗೊತ್ತಾಗಲಿಲ್ಲ.

ಮೇಲೆ ಹತ್ತಿದ ಮೇಲೆ ಗೈಡು ಹೇಗಿತ್ತು ಎಂದು ಬಾಯಿ ತೆರೆಯುವಷ್ಟರಲ್ಲಿ ತುಟಿಯ ಮೇಲೆ ಬೆರಳಿಟ್ಟೆ. ಆತ ಇವರನ್ನು ನೋಡಿದ, ನನ್ನನ್ನು ನೋಡಿದ, ಹಗ್ಗ ಸುತ್ತಲು ಹೋದ. ಇವರು ಟವೆಲಿನಿಂದ ತಲೆ ಒರೆಸಿಕೊಳ್ಳುತ್ತ, "ಕಂಡಿತೇನು?" ಎಂದರು.

"ಇಲ್ಲರಿ. ಬರೇ ನೀರು."

ಟವೆಲನ್ನು ಮಡಚಿ ಹೆಗಲಿಗೆ ಹಾಕಿಕೊಂಡರು. ಆಮೇಲೆ, "ನನಗ ಕಂಡಿತು ನೋಡು," ಎಂದರು. "ನೀ ಬ್ಯಾಸರ ಮಾಡ್ಕೋಬ್ಯಾಡ. ಒಬ್ಬರಿಗರೆ ಕಂಡಿತಲ್ಲ, ಇಷ್ಟು ದೂರ ಬಂದದ್ದು ಸಾರ್ಥಕ ಆತು."

ಊರಿಗೆ ಬಂದ ಮೇಲೆ ಆ ಆಮೆ ಬೆಳೆಯಿತು. ಬಸಣ್ಣ ಬಂದಾಗಲೆಲ್ಲ ಇವರು ಅದನ್ನು ಈಜಾಡಿಸಿದರು. ಅಪ್ಪಟ ನೀಲಿ ಫರ್ಶಿಯಂಥ ಬೆನ್ನಂತೆ, ನಮ್ಮ ಅಂಗಡಿಯ ಮೊದಲ ನಂಬರಿನ ಮಾಲಂತೆ, ಕಾಲು ಮಾತ್ರ ಗಿಡ್ಡ, ದುಂಡಗೆ, ನಾಲ್ಕೂ ಒಂದೇ ಸಮವಂತೆ. ಅಂದರೆ ಗುಡಿಯಲ್ಲಿ ಇರುವಂಥದ್ದೇ. "ಹಂಗಾದ್ರ ನೀ ಕೆತ್ತಿದ್ದೇ ಖರೇ ಇತ್ತೇನು?" ಎಂದು ಬಸಣ್ಣ ಪೆಚ್ಚಾದರು. ಇವರು ದೊಡ್ಡ ಮನಸ್ಸಿನಿಂದ, "ಹೋಗ್ಲಿ ಬಿಡು. ಪಾಪ, ನಮ್ಮಾಕಿಗಿ ಕಾಣಲಿಲ್ಲ," ಎಂದರು. ಬಸಣ್ಣ ನನ್ನ ಕಡೆ ತಿರುಗಿ, "ವೈನಿ, ಎರಡು ಕಣ್ಣು ನೆಟ್ಟಗಿದ್ದು ಏನು ಮಾಡಿದ್ರಿ ಅಲ್ಲಿ?" ಎಂದರು. ನಾನು ಉಪ್ಪುನೀರು ಕುಡಿದೆ ಎಂದೆ. ಅದು ಸುಳ್ಳಲ್ಲವಲ್ಲ. ಹೀಗೆ ಆಮೆ ಕಂಡವಳು ಕಾಣದವಳಾಗಿ, ಬಂದವರಿಗೆಲ್ಲ ಚಹಾ ಕೊಡುತ್ತ, ಇಲ್ಲದ ನೀಲಿ ಆಮೆಗೆ ತಲೆದೂಗುತ್ತ ಬಂದೆ. ತಮಾಷೆಯೆಂದರೆ, ಕೇಳಿ ಕೇಳಿ ನನ್ನ ಆಮೆಯೂ ಅಂಚಿನಲ್ಲಿ ನೀಲಿಗೆ ತಿರುಗತೊಡಗಿತ್ತು. ಅದು ಪೂರ್ತಿ ನೀಲಿಯಾಗಿಬಿಟ್ಟರೆ ಇಬ್ಬರಲ್ಲಿ ಯಾರೂ ಆಮೆ ನೋಡಿದಂತಾಗಲಿಲ್ಲವಲ್ಲ ಎಂದು ಒಳಗೊಳಗೇ ದಿಗಿಲಾಗುತ್ತಿತ್ತು.

ಈಗ ಅವರಿಗೆ ಕಾಣುವುದು ಬೆಳಕು ಮತ್ತು ನೆರಳು, ಅಷ್ಟೇ. ಇವತ್ತು ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅವರು ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಿದ್ದರು. ಅಂಗಡಿಯಲ್ಲಿ ಗಿರಾಕಿಯನ್ನು ಕೇಳುವ ದನಿಯಲ್ಲೇ ಕೇಳಿದರು: "ನೀಲಿನೋ, ಹಳದಿನೋ?"

"ಏನು?"

"ಆಮಿ. ನೀ ಕಂಡದ್ದು."

ಬಡಿಯುವ ಕೈ ನಿಂತಿತು. ನನಗೆಲ್ಲಿ ಕಂಡಿತು ಎಂದೆ. "ಸಾಕು ಬಿಡು," ಎಂದರು. "ಅವತ್ತು ಬರೇ ನೀರು ಅಂದೆಲ್ಲ, ಆಗ ನಿನ್ನ ದನಿ ಬೊದ್ದ ಅಂತು. ಜಲ್ಮ ಪೂರಾ ಬಂಡಿಗಲ್ಲ ಬಡದು ನೋಡೀನಿ. ಮನಿ ಹೆಂಡತಿ ದನಿ ಒಡದದ್ದು ಗೊತ್ತಾಗಂಗಿಲ್ಲೇನು?"

"ಮತ್ತ ಇಷ್ಟು ದಿನ ಯಾಕ ಕೇಳಲಿಲ್ಲರಿ?"

"ಕಣ್ಣಾಗ ಅಷ್ಟಿಷ್ಟು ಬೆಳಕಿತ್ತು. ಇನ್ನೊಮ್ಮೆ ಹೋದ್ರ ಕಂಡೀತು ಅಂತಿದ್ದೆ." ನನ್ನ ಕಡೆ ಮುಖ ತಿರುಗಿಸಿ, "ಇನ್ನ ಕಾಣಂಗಿಲ್ಲ. ಹೇಳು," ಎಂದರು.

ಹಳದಿ ಎಂದೆ. ಪಾಲಿಶ್ ಹಿಡಿದ ಹಳದಿ, ಹುರಿದ ತೊಗರಿಬೇಳೆಯಂಥದು, ಅದರ ಮೇಲೆ ಸೀದ ಬೆಲ್ಲದ ಪಾಕ ಎಳೆ ಎಳೆಯಾಗಿ ಹರಿದಂತೆ. ಹೇಳಿದ್ದು ಸಾಲದೆನಿಸಿತು. ಎರಡು ರೊಟ್ಟಿಯ ಹಿಟ್ಟು ಸೇರಿಸಿ ಹಿಟ್ಟು ನಾದುವ ಕೊಣಮಿಗೆಯ ಅಂಚಿನಲ್ಲಿ ಆಮೆಯ ಬೆನ್ನು ತಿದ್ದಿದೆ. ಜೋಳದ ಹಿಟ್ಟು ಬಿರಿಯುತ್ತದೆಂದು ದಿನಾ ಗೊಣಗುವವಳು ನಾನು. ಇವತ್ತು ಬಿರಿದದ್ದೆಲ್ಲ ಬೆನ್ನಿನ ಫರ್ಶಿಯ ಸಂದುಗಳಾದವು. ಮುಂದೆ ಎರಡು ಉದ್ದನೆಯ ಕಾಲು, ಹಕ್ಕಿಯ ರೆಕ್ಕೆಯ ಹಾಗೆ. ಹಿಂದೆ ಎರಡು ಸಣ್ಣವು. ಕೊಣಮಿಗೆಯನ್ನು ಅವರ ಮುಂದೆ ಸರಿಸಿ ಕೈ ಹಿಡಿದು ಮೇಲಿಟ್ಟೆ. ಬಂಡೆಯ ಮೇಲೆ ಅಂಗೈ ಓಡಿಸುತ್ತಿದ್ದರಲ್ಲ, ಹಾಗೇ ಓಡಿಸಿದರು. ಸಂದುಗಳನ್ನು ಒಂದೊಂದಾಗಿ ಮುಟ್ಟಿದರು. ಮುಂಗಾಲಿನ ಹತ್ತಿರ ಬೆರಳು ಬಹಳ ಹೊತ್ತು ನಿಂತಿತು.

"ಕಾಲಲ್ಲ ಇವು," ಎಂದರು. "ರೆಕ್ಕಿ."

"ಹೌದ್ರಿ."

"ಹಂಗಾದ್ರ ಬಸಣ್ಣ ಅಂದದ್ದು ಖರೇನೇ. ನಾ ಕೆತ್ತಿದ್ದು ರೊಟ್ಟಿ."

ಇಬ್ಬರೂ ನಕ್ಕೆವು. ಅವರ ನಗು ಮೊದಲು ಮುಗಿಯಿತು. ಹಿಟ್ಟು ಯಾಕೆ ಹಾಳು ಎಂದು ಆಮೆಯನ್ನು ತಟ್ಟಿ ಹೆಂಚಿಗೆ ಹಾಕಿದೆ. ರೆಕ್ಕೆ ಮುರಿಯಿತು, ತಲೆ ಸೀದಿತು. ಎಂದಿನಂತೆ ತಾಟಿನಲ್ಲಿ ಪುಂಡಿಪಲ್ಯ ಎಡಕ್ಕೆ, ಹಿಂಡಿ ಮೇಲೆ, ನಡುವೆ ಆಮೆ. ಲಿಂಗಾಯತರ ಮನೆಯಲ್ಲಿ ಆಮೆ ತಿಂದ ಸುದ್ದಿ ಬಸಣ್ಣನ ಕಿವಿಗೆ ಬೀಳಬಾರದು ಎಂದು ಇವರು ಆಣೆ ಹಾಕಿಸಿಕೊಂಡು, ಬೆನ್ನಿನ ಅರ್ಧ ಮುರಿದು ನನಗೆ ಕೊಟ್ಟರು. ಮೇಲೆ ಮಜ್ಜಿಗೆ ಕುಡಿದೆವು. ಕುರ್ಚಿ ಗೋಡೆಗಿದೆಯೇ ಎಂದು ನೋಡಿ ದೀಪ ಆರಿಸಿ ಬಂದೆ. ಹಾಸಿಗೆಯಲ್ಲಿ ಇವರು ಮೆಲ್ಲಗೆ, "ಮಲಗಿದೇನು?" ಎಂದರು. ಹೂಂ ಎಂದರೂ ಸಾಕು, ಒಡೆದ ದನಿ ಕೇಳಿ ತಿಳಿದುಬಿಡುತ್ತಾರೆ. ನಾನು ಸುಮ್ಮನಿದ್ದೆ. ಆದ್ದರಿಂದ ಇವತ್ತು ಮೊದಲು ನಿದ್ದೆ ಹೋದವಳು ನಾನು ಎಂದು ನಮ್ಮ ಮನೆಯಲ್ಲಿ ದಾಖಲಾಗಿದೆ.